ಆಲದ ಬಾವಿಯ ಎರಡು ಕೂಗು

ರಾತ್ರಿ ಒಂಬತ್ತೂಮುಕ್ಕಾಲು. ಮೊಳಕಾಲ್ಮೂರಿನಿಂದ ಬರೋ ಕೊನೇ ಬಸ್ಸು ನಮ್ಮೂರ ಗೇಟಿನಲ್ಲಿ ಲೋಹಿತನನ್ನ ಇಳಿಸಿತು. ಬಾಗಿಲು ಫಟ್ ಅಂತ ಬಡಿದುಕೊಂಡಿತು. ಬಸ್ಸಿನ ಕೆಂಪು ದೀಪ ತಳಕಿನ ಕಡೆ ಸಣ್ಣದಾಗುತ್ತಾ, ಸಣ್ಣದಾಗುತ್ತಾ... ಇಲ್ಲವಾಯಿತು.

ಲೋಹಿತ ನಮ್ಮ ದೊಡ್ಡವ್ವನ ಮಗ. ಮೊಳಕಾಲ್ಮೂರಲ್ಲಿ ರೇಷ್ಮೆ ಸೀರೆ ಅಂಗಡೀಲಿ ಕೆಲಸ. ಗೇಟಿನಿಂದ ಊರಿಗೆ ಒಂದೂವರೆ ಮೈಲಿ ಮಣ್ಣುದಾರಿ. ನಡುವೆ ಆಲದ ಮರ, ಅದರ ಬುಡಕ್ಕೆ ಹಾಳುಬಾವಿ. ಆ ದಾರೀಲಿ ನಾನು ಅಮಾಸೆ ರಾತ್ರಿ ಒಬ್ಬನೇ ಸಿಳ್ಳೆ ಹಾಕ್ಕೊಂಡು ಬಂದಿದ್ದೀನಿ. ನಮ್ಮೂರಲ್ಲಿ ನನ್ನಷ್ಟು ಎದೆಗಾರ ಇನ್ನೊಬ್ಬ ಇದ್ದರೆ ಕರ್ಕೊಂಡು ಬನ್ನಿ, ಮೀಸೆ ಬೋಳಿಸ್ತೀನಿ. ಲೋಹಿತ ಹಂಗಲ್ಲ. ಪಾಪದವನು. ತನ್ನ ನೆರಳಿಗೂ ದಾರಿ ಬಿಟ್ಟು ನಡೆಯೋನು.

ಅದಕ್ಕೇ ಅವನ ಅಕ್ಕ ನಾಗರತ್ನ ದಿನಾ ಬ್ಯಾಟ್ರಿ ಹಿಡಿದು ಆಲದ ಮರದ ತನಕ ಬಂದು ನಿಲ್ಲುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಊರ ಅಂಗನವಾಡೀಲಿ ಮಕ್ಕಳಿಗೆ ಅಡುಗೆ ಮಾಡಿ ಹಾಕೋಳು. ವಯಸ್ಸು ನಲವತ್ತೊಂದು. ತಮ್ಮನ್ನ ಎತ್ತಿ ಆಡಿಸಿದೋಳು ಅವಳೇ. ಆದರೆ ಆವತ್ತು ಮಧ್ಯಾಹ್ನ ಫೋನ್ ಮಾಡಿ, "ನಾಯಕನಹಟ್ಟಿಗೆ ಮೀಟಿಂಗಿಗೆ ಹೋಗ್ತಿದೀನಿ ಕಣೋ, ಬರೋದು ತಡ ಆಗ್ಬೋದು. ಇವತ್ತೊಂದಿನ ಗಂಡಸಾಗಿ ಒಬ್ಬನೇ ಬಾ" ಅಂದಿದ್ದಳು.

ಒಬ್ಬನೇ ಬಂದ.

ಕಾರ್ತಿಕದ ಚಳಿ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ ಒಟ್ಟಿಗೇ ಹತ್ತೋದು, ಒಟ್ಟಿಗೇ ಆರೋದು. ಅವುಗಳ ರೆಕ್ಕೆ ಸದ್ದು... ವೂಂ... ವೂಂ... ಲೋಹಿತನ ಬಲಗಾಲಿನ ಚಪ್ಪಲಿ ಉಂಗುಟ ಸಡಿಲ. ಚರಕ್... ಟಪ್. ಚರಕ್... ಟಪ್. ಆಲದ ಮರ ಬಂತು. ಅವನು ನೆಲ ನೋಡಿಕೊಂಡು ದಾಟಿದ. ಹತ್ತು ಹೆಜ್ಜೆ ಆಗಿರಬೇಕು.

"ಲೋಹಿತಾ..."

ಹಿಂದಿನಿಂದ. ಬಾವಿ ಕಡೆಯಿಂದ. ಹೆಂಗಸಿನ ದನಿ. ಕೂಗಿದ ಹಾಗಿಲ್ಲ, ಕಿವಿ ಹತ್ತಿರ ಬಂದು ಹೇಳಿದ ಹಾಗೆ.

ಇಲ್ಲಿ ನಮ್ಮೂರ ಒಂದು ಕಟ್ಟಳೆ ಹೇಳಬೇಕು. ಕತ್ತಲಾದ ಮೇಲೆ ಯಾರಾದರೂ ಹೆಸರು ಹಿಡಿದು ಕರೆದರೆ ನಾವು ಮೂರನೇ ಕೂಗಿಗೇ ಓ ಅನ್ನೋದು. ಗಾಳಿಗೆ, ದೆವ್ವಕ್ಕೆ ಎರಡೇ ಕೂಗು. ಮೂರನೇದು ಅದರ ಬಾಯಲ್ಲಿ ಹೊರಡಲ್ಲ. ಮೊದಲ ಕೂಗಿಗೆ ಓ ಅಂದೋನ ಉಸಿರು ಅದರ ಕೈಗೆ ಹೋಯ್ತು ಅಂತಲೇ. ಹುಟ್ಟಿದ ಮಕ್ಕಳಿಗೂ ನಮ್ಮಲ್ಲಿ ಇದನ್ನ ಕಲಿಸ್ತಾರೆ. ನಮ್ಮವ್ವ ರಾತ್ರಿ ಊಟಕ್ಕೆ ಕರೆದರೂ ಮೂರು ಸಲ ಕರೀಬೇಕು. ಅಡುಗೆಮನೆಯಿಂದ ಲೆಕ್ಕ ಹಾಕ್ಕೊಂಡೇ ಕರೀತಾಳೆ.

"ಲೋಹಿತಾ..."

ಎರಡು.

ಲೋಹಿತ ನಿಂತ. ತಿರುಗಲಿಲ್ಲ. ಕಾದ. ಕತ್ತಿನ ಹಿಂದೆ ತಣ್ಣಗೆ ಏನೋ ಮುಟ್ಟಿದ ಹಾಗಾಯಿತಂತೆ. ಮೂರನೇ ಕೂಗು... ಬರಲಿಲ್ಲ.

ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

ಮನೇಲಿ ನಮ್ಮ ದೊಡ್ಡವ್ವ ಪಾತಮ್ಮ ಒಲೆ ಮುಂದೆ ಕೂತಿದ್ದಳು. ಬಂದೋನನ್ನ ನೋಡಿ, ಅವನ ಬೆನ್ನ ಹಿಂದೆ ನೋಡಿದಳು.

"ಅಕ್ಕ ಎಲ್ಲೋ?"

"ಅಕ್ಕ ನಾಯಕನಹಟ್ಟೀಲಿ..."

"ಮೀಟಿಂಗ್ ಬೇಗ ಮುಗೀತು ಅಂತ ಸಂಜೇನೇ ಬಂದ್ಲು. ತಲೆಗೆ ನೀರು ಹಾಕಿದೆ. ನಿನ್ನ ಕರ್ಕೊಂಡು ಬರ್ತೀನಿ ಅಂತ ಬ್ಯಾಟ್ರಿ ಹಿಡ್ಕೊಂಡು ಹೋಗಿ ಆಗ್ಲೇ ಮುಕ್ಕಾಲು ಗಂಟೆ ಆಯ್ತು."

 ಲೋಹಿತ ಹೊಸ್ತಿಲಿಂದಲೇ ತಿರುಗಿ ನಮ್ಮ ಮನೆಗೆ ಓಡಿ ಬಂದ. ಎಲ್ಲರ ಮನೆ ಬಿಟ್ಟು ನನ್ನ ಹತ್ತಿರವೇ ಯಾಕೆ ಬಂದ? ಅವನಿಗೂ ಗೊತ್ತು, ಆ ಹೊತ್ತಲ್ಲಿ ಬಾವಿ ಹತ್ತಿರ ಬರೋ ಗಂಡಸು ಊರಲ್ಲಿ ಒಬ್ಬನೇ ಅಂತ.

ಇಲ್ಲಿಂದ ಮುಂದಿನದು ಕೇಳಿದ್ದಲ್ಲ. ನಾನೇ ಕಂಡದ್ದು.

ಬ್ಯಾಟ್ರಿ ಬಾವಿ ಕಟ್ಟೆ ಮೇಲೆ, ದಾರಿಗೆ ಕಾಣದ ಹಾಗೆ ಮರದ ಮರೇಲಿ, ಉರೀತಾ ಇತ್ತು. ಬೆಳಕು ಆಲದ ಬಿಳಲುಗಳ ಮೇಲೆ ಬಿದ್ದಿತ್ತು. ಕಟ್ಟೆ ಕೆಳಗೆ ನಾಗರತ್ನಕ್ಕ. ವಾಂತಿ ಆಗಿತ್ತು. ಕಣ್ಣು ಅರ್ಧ ತೆರೆದಿದ್ದವು, ಆದರೆ ನಮ್ಮನ್ನ ನೋಡ್ತಿರಲಿಲ್ಲ. ತಲೆ ಎತ್ತೋಣ ಅಂತ ಕತ್ತಿನ ಕೆಳಗೆ ಕೈ ಹಾಕಿದೆ. ಕತ್ತು ಬಗ್ಗಲಿಲ್ಲ. ಹಾರೆ ಹಂಗಿತ್ತು. ಉಸಿರು ಮಾತ್ರ... ಗೊರ್... ಗೊರ್...

"ಅಕ್ಕನೇ ಕರೆದಿದ್ದು ಕಣಲೇ ಗೋವರ್ಧನ" ಅಂದ ಲೋಹಿತ, ಪಿಸುದನೀಲಿ. "ಎರಡು ಸಲ ಕರೆದ್ಲು. ಮೂರನೇದು ಕರೆಯೋಕೆ ಆಗಿಲ್ಲ. ನಾನು ತಿರುಗಿ ನೋಡ್ಲಿಲ್ಲ."

"ಬಾಯ್ಮುಚ್ಚಲೇ. ಕಾಲು ಹಿಡ್ಕೋ."

ಹೊತ್ತುಕೊಂಡು ಬಂದೆವು. ಅಷ್ಟೊತ್ತಿಗೆ ಅರ್ಧ ಊರು ಎದ್ದಿತ್ತು. ಗುಡಿ ಪೂಜೆ ನೋಡಿಕೊಳ್ಳೋ ಬೊಮ್ಮಲಿಂಗಪ್ಪಜ್ಜ ಕಂಬಳಿ ಹೊದ್ದು ಬಂದು, ನಾಗರತ್ನಕ್ಕನ ಮುಖ ನೋಡಿ, ಎರಡು ಹೆಜ್ಜೆ ಹಿಂದೆ ಸರಿದ.

"ಸೂರಮ್ಮ ಹೊಡೆದಾಳೆ" ಅಂದ.



ಸೂರಮ್ಮ ಅಂದರೆ ನಾಗರತ್ನಕ್ಕನ ಸೋದರತ್ತೆ. ಇಪ್ಪತ್ತು ವರ್ಷದ ಹಿಂದೆ ಅದೇ ಬಾವಿ ಹತ್ತಿರ, ಕೊಡ ಕಂಕುಳಲ್ಲಿ ಇಟ್ಟುಕೊಂಡೋಳು, "ತಲೆ ಸಿಡೀತು!" ಅಂತ ಒಂದೇ ಒಂದು ಕಿರುಚು ಕಿರುಚಿ ಬಿದ್ದಳು. ಮತ್ತೆ ಏಳಲಿಲ್ಲ. ಅದಾಗಿ ಹನ್ನೊಂದು ವರ್ಷಕ್ಕೆ ಅವಳ ಅಣ್ಣ ಓಬಯ್ಯ, ಅಂದರೆ ಇವರಪ್ಪ, ಶೇಂಗಾ ಹೊಲದಲ್ಲಿ ಹಂಗೇ ತಲೆ ಹಿಡ್ಕೊಂಡು ಬಿದ್ದ. ಸೂರಮ್ಮ ತನ್ನ ಮನೆಯವರನ್ನೇ ಒಬ್ಬೊಬ್ಬರನ್ನಾಗಿ ಕರೀತಾಳೆ ಅಂತ ಊರೆಲ್ಲಾ ಮಾತು.

"ಗುಡಿ ಮುಂದೆ ಮಲಗಿಸ್ರೋ. ಗಾಳಿ ಬಡಿದ ಮೈನ ಬೆಳಗಾಗೋ ತನಕ ಊರ ಗಡಿ ದಾಟಿಸಬಾರದು. ದಾಟಿಸಿದ್ರೆ ಅದೂ ಜೊತೇಲಿ ಬರ್ತೈತೆ."

ನನಗೆ ರೇಗಿತು. "ಅಜ್ಜಾ, ಮೊನ್ನೆ ನಿಮಗೆ ಹಲ್ಲುನೋವು ಬಂದಾಗ ನಡುರಾತ್ರೀಲಿ ನನ್ನ ಗಾಡಿ ಹತ್ಕೊಂಡು ಚಳ್ಳಕೆರೆಗೆ ಹೋದ್ರಲ್ಲ, ಅವಾಗ ಗಡಿ ಎಲ್ಲೋಗಿತ್ರೀ?"

"ಹಲ್ಲಿಗೆ ಗಾಳಿ ಬಡಿಯಲ್ಲ ಕಣಲೇ, ತಲೆಹರಟೆ!"

ಯಾರೋ ಕಿಸಕ್ ಅಂದರು. ಲೋಹಿತ ಅಕ್ಕನ ಪಕ್ಕದಲ್ಲೇ ನಿಂತಿದ್ದ. ಅಜ್ಜನ ಮುಖ ನೋಡ್ತಾನೆ, ನನ್ನ ಮುಖ ನೋಡ್ತಾನೆ. ತೀರ್ಮಾನ ಮಾಡಿದ್ದು ಪಾತಮ್ಮ ದೊಡ್ಡವ್ವ. ಮಗಳ ಬಾಯಿ ಸೆರಗಲ್ಲಿ ಒರೆಸಿ, ತಲೆ ಎತ್ತದೆ ಹೇಳಿದಳು.

"ಇವರಪ್ಪನ್ನ ನೀವು ಹೇಳಿದಂಗೇ ಬೆಳಗಿನ ತನಕ ಗುಡಿ ಮುಂದೆ ಇಟ್ಕೊಂಡಿದ್ವಿ. ಬೆಳಗಾಯ್ತು. ಅವರಿಗೆ ಆಗ್ಲಿಲ್ಲ. ಗೋವರ್ಧನ, ಗಾಡಿ ತೆಗಿಯಪ್ಪ."

ನನ್ನ ಗಾಡಿ ಶೇಂಗಾ ಮೂಟೆ ಹೊಡೆಯೋ ಸಣ್ಣ ಗೂಡ್ಸ್ ಗಾಡಿ. ಖಾಲಿ ಚೀಲ ಹಾಸಿ, ಮೇಲೆ ಕೌದಿ ಹಾಸಿ ಮಲಗಿಸಿದೆವು. ಹಿಂದೆ ದೊಡ್ಡವ್ವ, ಲೋಹಿತ. "ನಿಲ್ಲಿಸಬೇಕಾದ್ರೆ ಕ್ಯಾಬಿನ್ ತಟ್ರಿ" ಅಂದು ಗಾಡಿ ಬಿಟ್ಟೆ.

ಊರ ಗಡಿ ಕಲ್ಲು ದಾಟಿದ್ದೇ ತಡ... ಟಕ್. ಟಕ್.

ಬ್ರೇಕ್ ಹಾಕಿದೆ. ಇಳಿದು ಹಿಂದೆ ಹೋದೆ. "ಏನಾಯ್ತಲೇ?"

"ನೀನ್ಯಾಕೆ ನಿಲ್ಸಿದೆ?" ಅಂದ ಲೋಹಿತ.

"ತಟ್ಟಿದ್ರಲ್ಲ?"

"ಯಾರೂ ತಟ್ಟಿಲ್ಲ." ಅವನ ಎರಡೂ ಕೈಯಲ್ಲಿ ಅಕ್ಕನ ತಲೆ ಇತ್ತು. ದೊಡ್ಡವ್ವನ ಎರಡೂ ಕೈಯಲ್ಲಿ ಅವಳ ಪಾದ.

ಮತ್ತೆ ಹತ್ತಿದೆ. ತಳಕು ದಾಟೋವಾಗ ಇನ್ನೊಂದು ಸಲ. ಟಕ್. ಟಕ್. ನನ್ನ ತಲೆ ಹಿಂದಿನ ತಗಡಿನ ಮೇಲೆ, ಉಗುರಲ್ಲಿ ಹೊಡೆದ ಹಾಗೆ. ಕೇಳಿಸಿತು. ನಿಲ್ಲಿಸಲಿಲ್ಲ. ಚಳ್ಳಕೆರೆ ತನಕ ಆ ಗಾಡಿ ಅಷ್ಟು ಸ್ಪೀಡಲ್ಲಿ ಯಾವತ್ತೂ ಓಡಿಲ್ಲ, ಇನ್ನು ಓಡೋದೂ ಇಲ್ಲ. ಆ ಚಳೀಲೂ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅದು ಸ್ಪೀಡಿಗೆ, ಬೇರೆ ಅಂದ್ಕೋಬೇಡಿ.

ಚಳ್ಳಕೆರೇಲಿ ಡ್ಯೂಟಿ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಕತ್ತು ಎತ್ತಿ ನೋಡಿದರು. ಒಂದು ಮಾತೂ ಹೆಚ್ಚು ಆಡದೆ ಆಂಬುಲೆನ್ಸ್ ಕರೆಸಿದರು. ದುರ್ಗದಲ್ಲಿ ಸ್ಕ್ಯಾನ್. ತಲೆ ಒಳಗೆ ರಕ್ತ. ಅಲ್ಲಿಂದ ನೇರ ಬೆಂಗಳೂರಿನ ದೊಡ್ಡಾಸ್ಪತ್ರೆ. ಹೋಗಿ ಸೇರಿದಾಗ ಬೆಳಗಿನ ಐದೂವರೆ.

ಅಲ್ಲಿದ್ದೋರು ಡಾಕ್ಟರ್ ಕಾಂಚನಾ. ನೋಡಿದರೆ ಕಾಲೇಜು ಹುಡುಗಿ ಹಂಗಿದ್ದರು. "ದೊಡ್ಡ ಡಾಕ್ಟರು ಯಾವಾಗ ಬರ್ತಾರೆ ಮೇಡಂ?" ಅಂತ ನಾನು ಕೇಳಿಯೂ ಕೇಳಿದೆ. "ಬಂದಿದೀನಲ್ಲಪ್ಪ" ಅಂದರು.

ಕಂಪ್ಯೂಟರಲ್ಲಿ ನಾಗರತ್ನಕ್ಕನ ಮೆದುಳಿನ ರಕ್ತನಾಳಗಳ ಚಿತ್ರ ತೋರಿಸಿದರು. ಎಲೆ ಉದುರಿದ ಮರದ ಹಂಗಿತ್ತು. ಕೊಂಬೆ, ಕೊಂಬೆಗೆ ಕೊಂಬೆ. ಒಂದು ಕವಲಿನಲ್ಲಿ ದುಂಡಗೆ ಏನೋ ಜೋತುಬಿದ್ದಿತ್ತು.

"ಆಲದಹಣ್ಣು..." ಅಂದ ಲೋಹಿತ, ತನ್ನಷ್ಟಕ್ಕೆ.

"ಹಂಗೇ ಅಂದ್ಕೊಳ್ಳಿ" ಅಂದರು ಮೇಡಂ. "ಸೈಕಲ್ ಟ್ಯೂಬು ಸವೆದ ಕಡೆ ಗುಳ್ಳೆ ಏಳ್ತದಲ್ಲ, ಹಾಗೆ ರಕ್ತನಾಳದಲ್ಲಿ ಗುಳ್ಳೆ ಎದ್ದಿದೆ. ನಿನ್ನೆ ರಾತ್ರಿ ಅದು ಒಡೆದಿದೆ. ಸದ್ಯಕ್ಕೆ ರಕ್ತ ಹೆಪ್ಪುಗಟ್ಟಿ ಬಾಯಿ ಮುಚ್ಚಿದೆ. ಇನ್ನೊಂದು ಸಲ ಒಡೆದರೆ ಉಳಿಯೋದು ಕಷ್ಟ. ಒಡೆಯೋ ಭಯ ಜಾಸ್ತಿ ಇರೋದು ಈ ಮೊದಲ ದಿನವೇ."

"ತಲೆ ಬುರುಡೆ ಕೊಯ್ತೀರಾ ಮೇಡಂ?"

"ಇಲ್ಲ. ತಲೆ ಮುಟ್ಟೋದೇ ಇಲ್ಲ. ತೊಡೆ ಸಂದಿಯ ರಕ್ತನಾಳದಿಂದ ಶಾವಿಗೆಯಷ್ಟು ಸಣ್ಣ ನಳಿಕೆ ಬಿಟ್ಟು, ಒಳಗೊಳಗೇ ಮೆದುಳಿನ ತನಕ ಹೋಗ್ತೀವಿ. ಅದರೊಳಗಿಂದ ಕೂದಲಿಗಿಂತ ಸಣ್ಣ ಪ್ಲಾಟಿನಂ ತಂತೀನ ಆ ಗುಳ್ಳೆ ಒಳಗೆ ಸುರುಳಿ ಸುತ್ತಿ ಬಿಡ್ತೀವಿ. ದಾರದುಂಡೆ ಥರ. ಗುಳ್ಳೆ ತುಂಬಿದರೆ ರಕ್ತ ಒಳಗೆ ನುಗ್ಗಲ್ಲ. ಅಪಾಯ ಇಲ್ಲ ಅಂತ ನಾನು ಹೇಳಲ್ಲ. ಸುತ್ತುವಾಗಲೇ ಒಡೆಯಬಹುದು. ಆದರೆ ಸುಮ್ಮನೆ ಬಿಡೋದು ಅದಕ್ಕಿಂತ ಅಪಾಯ."

ಲೋಹಿತ ಸಹಿ ಹಾಕಿದ. 

ಮೇಡಂ ಹೋಗೋಕೆ ಎದ್ದೋರು ನಿಂತರು. "ನಿಮ್ಮ ಮನೇಲಿ ಹೀಗೆ ದಿಢೀರ್ ಅಂತ ತಲೆನೋವು ಬಂದು ಯಾರಾದ್ರೂ ತೀರಿಕೊಂಡಿದ್ರಾ?"

ಲೋಹಿತ, ದೊಡ್ಡವ್ವ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಪ್ಪ..." ಅಂದ ಲೋಹಿತ. "ಅತ್ತೆ..."

ಮೇಡಂ ಬರೆದುಕೊಂಡರು. "ಕೆಲವು ಮನೆತನದಲ್ಲಿ ಇದು ಬರ್ತದೆ. ನೀವೂ ಒಂದು ಸ್ಕ್ಯಾನ್ ಮಾಡಿಸಿಕೊಳ್ಳಿ."

ನಾನು ಲೋಹಿತನ ಭುಜಕ್ಕೆ ಗುದ್ದಿದೆ. "ನೋಡಿದ್ಯೇನಲೇ? ಸೂರಮ್ಮನೂ ಇಲ್ಲ, ಗೀರಮ್ಮನೂ ಇಲ್ಲ. ಬರೀ ರಕ್ತನಾಳ." ಅವನು ನಗಲಿಲ್ಲ.

ಮೂರು ಗಂಟೆ ಹಿಡಿಯಿತು. ಹೊರಗೆ ಬಂದ ಮೇಡಂ, "ಗುಳ್ಳೆ ಮುಚ್ಚಿದೆ. ಇನ್ನು ಅವರು ಏಳಬೇಕು" ಅಂದರು.

ಏಳಲಿಲ್ಲ.

ಮಾರನೇ ದಿನ ನಿದ್ದೆ ಔಷಧಿ ನಿಲ್ಲಿಸಿದರು. ಮತ್ತೆ ಸ್ಕ್ಯಾನ್ ಮಾಡಿದರು. ಎಲ್ಲಾ ಸರಿಯಾಗೇ ಐತೆ. ಚಿವುಟಿದರೆ ಕೈ ಎಳೆದುಕೊಳ್ತಾಳೆ. ಕರೆದರೆ ಮಾತ್ರ ಕಣ್ಣು ಬಿಡಲ್ಲ. ಒಂದು ದಿನ ಹೋಯಿತು. ಎರಡು ದಿನ. ಮೇಡಂ ಮುಖ ಬಾಡುತ್ತಾ ಬಂತು. "ರಕ್ತಸ್ರಾವದಿಂದ ಮೆದುಳಿಗೆ ಪೆಟ್ಟಾಗಿರಬಹುದು. ಕೆಲವರು ಹೀಗೇ ಉಳಿದುಬಿಡ್ತಾರೆ" ಅಂದರು. ದೊಡ್ಡವ್ವ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತೋಳು ನೀರೂ ಮುಟ್ಟಲಿಲ್ಲ.

ಮೂರನೇ ದಿನ ಸಂಜೆ ಲೋಹಿತನನ್ನೂ ನನ್ನನ್ನೂ ಐದು ನಿಮಿಷ ಒಳಗೆ ಬಿಟ್ಟರು. ಕಿಟಕಿ ಇಲ್ಲದ ದೊಡ್ಡ ಹಾಲ್. ದೀಪ ತಗ್ಗಿಸಿದ್ದರು. ಏಸಿಯ ಸುಂಯ್ ಸದ್ದು. ಮಿಷಿನ್ನಿನದು... ಟಿಂ... ಟಿಂ... ನರ್ಸಮ್ಮ ಬಂದು ಅಕ್ಕನ ಕಿವಿ ಹತ್ತಿರ ಬಗ್ಗಿ ಕರೆದರು.

"ನಾಗರತ್ನಾ..."

ಟಿಂ... ಟಿಂ...

"ನಾಗರತ್ನಾ..."

ಇಲ್ಲ. ನರ್ಸಮ್ಮ ಚಿವುಟಿ ನೋಡಿ, ಹಾಳೇಲಿ ಏನೋ ಬರೆದರು.

"ಸಿಸ್ಟರ್" ಅಂದ ಲೋಹಿತ.  "ದಿನಾ ಹಿಂಗೇ ಕರೀತೀರಾ?"

"ಗಂಟೆಗೊಂದು ಸಲ. ಯಾಕೆ?"

"ಎರಡೇ ಸಲಾನಾ?"

"ಎರಡು ಸಲ ಕರೀತೀವಿ, ಆಮೇಲೆ ಚಿವುಟ್ತೀವಿ."

ಅವನ ತಲೆಗೆ ಏನು ಹೊಳೆಯಿತು ಅಂತ ನನಗೂ ಆಗ ಹೊಳೆಯಿತು. ಈ ತಗ್ಗಿದ ದೀಪ. ಈ ತಣ್ಣನೆ ಕತ್ತಲು. ಕಾಣದ ಯಾರೋ ಹೆಸರು ಹಿಡಿದು ಕರೆಯೋದು. ಗಂಟೆಗೊಮ್ಮೆ. ಎರಡೇ ಸಲ.

"ಇನ್ನೊಂದೇ ಒಂದು ಸಲ ಕರೀರಿ ಸಿಸ್ಟರ್" ಅಂತ ಕೈ ಮುಗಿದ ಲೋಹಿತ. "ನಮ್ಮೂರೋರು ಎರಡಕ್ಕೆ ಓ ಅನ್ನಲ್ಲ."

ನರ್ಸಮ್ಮ ಇವನನ್ನ ಒಂದು ಥರ ನೋಡಿದರು. ಆದರೂ ಬಗ್ಗಿದರು.

"ನಾಗರತ್ನಾ..."

ಟಿಂ... ಟಿಂ... ಟಿಂ...

ತುಟಿ ಅಲ್ಲಾಡಿತು.

"...ಓ."

ಕಣ್ಣು ಬಿಟ್ಟಳು. ನರ್ಸಮ್ಮನ ಕೈಲಿದ್ದ ಪೆನ್ನು ಟಣ್ ಅಂತ ನೆಲಕ್ಕೆ ಬಿತ್ತು. ಲೋಹಿತ ಅಕ್ಕನ ಪಾದದ ಮೇಲೆ ಹಣೆ ಇಟ್ಟು ಹೋ ಅಂತ ಅತ್ತ. ನಾನು ಅಳಲಿಲ್ಲ. ಏಸಿ ಗಾಳಿಗೆ ನನ್ನ ಕಣ್ಣು ಉರೀತಾವೆ, ಅದು ಬೇರೆ ವಿಷಯ.

ಎರಡು ದಿನಕ್ಕೆ ಮಾತು ಬಂತು. ನಿಧಾನ, ಪಿಸುಪಿಸು. ಲೋಹಿತ ಅಷ್ಟು ದಿನ ಎದೇಲಿ ಇಟ್ಟುಕೊಂಡಿದ್ದನ್ನ ಇಳಿಸಿದ.

"ತಪ್ಪಾಯ್ತು ಕಣಕ್ಕಾ. ಅವತ್ತು ನೀನು ಎರಡು ಸಲ ಕರೆದೆ. ನಾನು ತಿರುಗಲಿಲ್ಲ."

ನಾಗರತ್ನಕ್ಕ ಅವನನ್ನೇ ನೋಡಿದಳು. "ನಾನೆಲ್ಲಿ ಕರೆದ್ನೋ?"

"ಬಾವಿ ಹತ್ರ..."

"ನಾನು ಹೋಗಿ ಕಟ್ಟೆ ಮೇಲೆ ಕೂತಾಗ ನಿನ್ನ ಬಸ್ಸೇ ಬಂದಿರಲಿಲ್ಲ. ಬ್ಯಾಟ್ರಿ ಪಕ್ಕದಲ್ಲಿಟ್ಟೆ. ಹಿಂದಿಂದ ಯಾರೋ ನಾಗರತ್ನಾ ಅಂದ್ರು. ಅವ್ವನ ದನಿ ಹಂಗೇ ಇತ್ತು. ಮರೆತು ಓ ಅಂದುಬಿಟ್ಟೆ. ಮೊದಲ್ನೇ ಕೂಗಿಗೇ." ಉಸಿರು ಎಳೆದುಕೊಂಡಳು. "ತಲೆ ಒಳಗೆ ಢಂ ಅಂತು. ಅಷ್ಟೇ. ನನಗೆ ಬಾಯಿ ಎಲ್ಲಿತ್ತೋ ಕರೆಯೋಕೆ?"

 ಲೋಹಿತ ನನ್ನ ಕಡೆ ತಿರುಗಿದ. 

"ಹಂಗಾದ್ರೆ ನನ್ನ ಕರೆದಿದ್ದು ಯಾರಲೇ?"

ನಾನು ಎದ್ದು, ಅವನ ಸ್ಕ್ಯಾನಿಗೆ ಎಲ್ಲಿ ಚೀಟಿ ಬರೆಸಬೇಕು ಅಂತ ಕೇಳೋಕೆ ಹೋದೆ. 

ಮಾರನೇ ದಿನ ಅವನನ್ನ ಎಳಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆ. ಅವನ ತಲೇಲೂ ಐತೆ. ಚಿಕ್ಕದು, ಜೋಳದ ಕಾಳಿನಷ್ಟು. ಒಡೆದಿಲ್ಲ. ಅದಕ್ಕೂ ತೊಡೆಯಿಂದಲೇ ಹೋಗಿ ಸುರುಳಿ ತುಂಬಬಹುದು ಅಂದರು ಮೇಡಂ. ಬರೋ ತಿಂಗಳು ತಾರೀಕು ಕೊಟ್ಟಿದ್ದಾರೆ. ಅಲ್ಲಿ ತನಕ ಲೋಹಿತ ಹೊತ್ತು ಮುಳುಗಿದ ಮೇಲೆ ಹೊಸ್ತಿಲು ದಾಟಲ್ಲ. ನಾವ್ಯಾರೂ ಅವನನ್ನ ಹೆಸರು ಹಿಡಿದು ಕರೆಯೋದೂ ಇಲ್ಲ.

ಇದು ಇಲ್ಲಿಗೇ ಮುಗಿದಿದ್ದರೆ ನಾನೂ ರಕ್ತನಾಳ ಅಂತ ಹೇಳಿ ಕೈ ಕೊಡವಿಕೊಳ್ತಿದ್ದೆ.

ಹದಿನೆಂಟನೇ ದಿನ ನಾಗರತ್ನಕ್ಕನ್ನ ಮನೆಗೆ ಕರ್ಕೊಂಡು ಬಂದೆವು. ನಡೀತಾಳೆ, ಉಣ್ತಾಳೆ, ಒಂದು ಗಾಯದ ಗುರುತಿಲ್ಲ. ತೊಡೆ ಹತ್ತಿರ ಸಾಸಿವೆ ಕಾಳಿನಷ್ಟು ಕಲೆ, ಅಷ್ಟೇ. ಸಂಜೆ ದೊಡ್ಡವ್ವ ಅವಳನ್ನ ಪಡಸಾಲೇಲಿ ಕೂರಿಸಿಕೊಂಡು ತಲೆಗೆ ಹರಳೆಣ್ಣೆ ಹಚ್ಚೋಕೆ ಜಡೆ ಬಿಚ್ಚಿದಳು. ಬಿಚ್ಚುತ್ತಾ ಬಿಚ್ಚುತ್ತಾ ಕೈ ನಿಂತಿತು.

"ಇದನ್ನ ಹೆಣೆದೋರು ಯಾರು?"

"ಆಸ್ಪತ್ರೇಲಿ ಹಾಕಿರ್ತಾರೆ ಬಿಡು ದೊಡ್ಡವ್ವ" ಅಂದೆ.

ದೊಡ್ಡವ್ವ ಬಿಡಲಿಲ್ಲ. ಫೋನ್ ಹಚ್ಚಿಸಿದಳು. ಆ ನರ್ಸಮ್ಮನೇ ಸಿಕ್ಕರು. "ನಾವು ತಲೆ ಮುಟ್ಟೇ ಇಲ್ಲಮ್ಮ. ಈ ಟ್ರೀಟ್‌ಮೆಂಟಿಗೆ ಕೂದಲು ತೆಗೆಯೋ ಹಾಗೂ ಇಲ್ಲ. ನೀವು ಕರ್ಕೊಂಡು ಬಂದಾಗ ಜಡೆ ಹೆಂಗಿತ್ತೋ ಹಂಗೇ ಟೋಪಿ ಹಾಕಿದ್ವಿ, ಮನೆಗೆ ಕಳಿಸೋ ತನಕ ತೆಗೆದಿಲ್ಲ" ಅಂದರು.

ಅವತ್ತು ಸಂಜೆ ತಲೆಗೆ ನೀರು ಹಾಕಿ, ಒದ್ದೆ ಕೂದಲನ್ನ ಗಂಟು ಕಟ್ಟಿ ಕಳಿಸಿದ್ದು ದೊಡ್ಡವ್ವನೇ. ಬಾವಿ ಹತ್ತಿರ ಹೊತ್ತಾಗ, ಗಾಡೀಲಿ ಮಲಗಿಸಿದಾಗ ನಾವ್ಯಾರೂ ತಲೆ ಹಿಂದೆ ನೋಡಿರಲಿಲ್ಲ. ಈಗ ದೀಪ ಹತ್ತಿರ ಹಿಡಿದು ನೋಡಿದೆ. ಐದೆಳೆ ಜಡೆ. ಬಿಗಿಯಾಗಿ, ಒಂದು ಕೂದಲೂ ಎದ್ದಿಲ್ಲದ ಹಾಗೆ ಹೆಣೆದಿದ್ದು. ತುದೀಲಿ ಕರಿ ಕಂಬಳಿ ಎಳೆ ಸುತ್ತಿ ಗಂಟು ಹಾಕಿತ್ತು.

"ಈ ಮನೇಲಿ ಐದೆಳೆ ಹೆಣೀತಿದ್ದೋಳು ಒಬ್ಬಳೇ. ಅವಳು ಬಾವಿ ಹತ್ರ ಬಿದ್ದು ಇಪ್ಪತ್ತು ವರ್ಷ ಆಯ್ತು" ಅಂದಳು ದೊಡ್ಡವ್ವ. ಹೆಸರು ಹೇಳಲಿಲ್ಲ. ಎಳೆ ಎಳೆಯಾಗಿ ಬಿಚ್ಚಿ, ಎಣ್ಣೆ ಹಚ್ಚಿ, ಮೂರೆಳೆ ಹಾಕಿದಳು.

ನಂಬೋರು ನಂಬಿ, ಬಿಡೋರು ಬಿಡಿ. ನಾನು ಸುಳ್ಳು ಹೇಳಿ ದೊಡ್ಡೋನಾಗಬೇಕಿಲ್ಲ, ಹಂಗೇ ದೊಡ್ಡೋನು. ಆ ಕರಿ ಎಳೆ ದೊಡ್ಡವ್ವನ ಮನೆ ದೀಪದ ಗೂಡಲ್ಲಿ ಈಗಲೂ ಐತೆ. ಯಾರೂ ಬಿಸಾಡಿಲ್ಲ. ಯಾರೂ ಮುಟ್ಟಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಒಂದೊಂದು ದಿನ ಅದು ಒದ್ದೆ ಇರ್ತದೆ.